ಅಪ್‌ಡೇಟ್: ಗೋಧಿ ಚೀಲದಾಗ ಇದ್ದದ್ದು ನುಸಿ ಅಲ್ಲ, ಖಾಪ್ರಾ

ಹೋದ ತಿಂಗಳು ಕೇಳಿದ್ದೆ: ಅಕ್ಕಲಕೋಟೆ ಕಡೆ ನಮ್ಮ ಮನೆಯ ಗೋಧಿ ಚೀಲದ ಮೇಲೆಲ್ಲ ಕಂದು ಹೊಟ್ಟು ಬಿದ್ದದ, ಬೇವಿನ ಎಲೆ ಹಾಕಿದರೂ ಹುಳ ಹೋಗವಲ್ದು, ಏನು ಮಾಡ್ಲಿ ಅಂತ. ಅದು ಹೊಟ್ಟಲ್ಲ, ಖಾಪ್ರಾ ಅನ್ನೋ ಕಾಳು ತಿನ್ನೋ ದುಂಬಿಯ ಮರಿಹುಳ ಕಳಚಿದ ಪೊರೆ ಅಂದವರ ಮಾತೇ ಖರೇ ಆತು.

ಚೀಲದ ಹೊಲಿಗೆ ಬಿಚ್ಚಿದೆ. ಮಡಿಕೆಯೊಳಗ ಸಾಲಾಗಿ ಕೂತಿದ್ದವು, ಮೈತುಂಬ ಕೂದಲು, ಬಾಲದ ತುದಿಗೆ ಕುಚ್ಚು. ದೊಡ್ಡ ಹುಳಕ್ಕೆ ರೆಕ್ಕೆ ಇದ್ದರೂ ಹಾರೂದಿಲ್ಲ. ಚೀಲದ ಜೊತಿಗೇ ಊರೂರು ತಿರುಗತದ. ಹಿಂಗೇ ಅಮೆರಿಕಾ ಮುಟ್ಟಿ, 1953ರಲ್ಲಿ ಕ್ಯಾಲಿಫೋರ್ನಿಯಾದಾಗ ಸಿಕ್ಕಾಗ ಅಲ್ಲಿಯವರು ಗೋದಾಮುಗಳನ್ನೇ ತಾಡಪತ್ರಿ ಮುಚ್ಚಿ ಹೊಗೆ ಹಾಕಿದ್ದರಂತ. ನಮಗ ಅಷ್ಟು ರೊಕ್ಕ ಎಲ್ಲಿಂದ!

ಅಂಗಡಿಯವರು ವಿಷದ ಗಾಳಿ ಬಿಡೋ ಗುಳಿಗಿ ಇಡು ಅಂದ್ರು. ಮಂದಿ ಮಲಗೋ ಮನ್ಯಾಗ ಆ ವಿಷದ ಗಾಳಿ ಬ್ಯಾಡಂತ ಬಿಟ್ಟೆ. ಗೋಧಿ ಜರಡಿ ಹಿಡಿದು, ಕರೀ ತಾಡಪತ್ರಿ ಮ್ಯಾಲೆ ತೆಳ್ಳಗೆ ಹರವಿ ನಾಲ್ಕು ದಿನ ಬಿಸಿಲಿಗೆ ಇಟ್ಟೆ. ಹಳೇ ಚೀಲ ಸುಟ್ಟೆ. ಅವ್ವ ಇನ್ನೂ ಬೈಯಾಕ್ಹತ್ತಾಳ. ಈ ಮರಿಹುಳ ಗ್ವಾಡಿ ಬಿರುಕಿನಾಗ ಏನೂ ತಿನ್ನದೆ ವರ್ಷಗಟ್ಲೆ ಇರ್ತಾವಂತ, ಅದಕ್ಕ ಬಿರುಕಿಗೆಲ್ಲ ಸಿಮೆಂಟ್ ಮೆತ್ತಿದೆ.

ಈಗ ಗೋಧಿ ತಗಡಿನ ಕಣಜದಾಗ ಅದ. ಮೂರು ವಾರಾತು, ಹೊಸ ಪೊರೆ ಕಂಡಿಲ್ಲ. ಮುಂದಿನ ಅಮಾಸಿಗೆ ಮತ್ತ ಜರಡಿ ಹಿಡಿದು ನೋಡ್ತೀನಿ.