ಸಹಾಯ ಬೇಕು: ವ್ಯಕ್ತಿತ್ವ ಪ್ರಶ್ನಾವಳಿಯ ನಕಾರ ವಾಕ್ಯಗಳ ಅನುವಾದ

ಬಳಗದ ಎಲ್ಲರಿಗೂ ನಮಸ್ಕಾರ. ಮನಃಶಾಸ್ತ್ರದ ಸ್ನಾತಕೋತ್ತರ ಕಿರುಪ್ರಬಂಧಕ್ಕಾಗಿ ಅಮೆರಿಕದ ಮನಃಶಾಸ್ತ್ರಜ್ಞ ಲೂಯಿಸ್ ಗೋಲ್ಡ್‌ಬರ್ಗ್ ಅವರ 50 ಹೇಳಿಕೆಗಳ ವ್ಯಕ್ತಿತ್ವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ ಮೊದಲಾದ ಐದು ಗುಣಗಳಿಗೆ ತಲಾ 10 ಹೇಳಿಕೆಗಳಿರುವ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಪ್ರತಿ ಹೇಳಿಕೆ ತಮಗೆ ಎಷ್ಟು ಹೊಂದುತ್ತದೆಂದು ಉತ್ತರಿಸುವವರು ಐದು ಆಯ್ಕೆಗಳಲ್ಲಿ ಒಂದನ್ನು ಗುರುತಿಸಬೇಕು.

‘ನಾನಿದ್ದರೆ ಕೂಟಕ್ಕೆ ಕಳೆ’ ಎಂಬಂಥವು ಸುಲಭವಾಗಿ ಬಂದವು. ತೊಡಕಿರುವುದು ಅಂಕಗಳನ್ನು ತಿರುಗಿಸಿ (ಒಪ್ಪಿದಷ್ಟೂ ಆ ಗುಣಕ್ಕೆ ಕಡಿಮೆ ಅಂಕ ಬರುವಂತೆ) ಎಣಿಸಬೇಕಾದ ನಕಾರ ವಾಕ್ಯಗಳಲ್ಲಿ. ‘ನಾನು ಹೆಚ್ಚು ಮಾತನಾಡುವುದಿಲ್ಲ’ ಎಂಬುದಕ್ಕೆ ಮಾತುಗಾರರು ‘ಸ್ವಲ್ಪವೂ ಹೊಂದುವುದಿಲ್ಲ’ ಎಂದು ಗುರುತಿಸಬೇಕು. ಆದರೆ ಪ್ರಾಯೋಗಿಕ ಸುತ್ತಿನಲ್ಲಿ, ಬಾಯಿ ಬಿಟ್ಟರೆ ಮಾತು ನಿಲ್ಲಿಸದ ನಮ್ಮ ಹಾಸ್ಟೆಲಿನ ಅಡುಗೆಯವರೊಬ್ಬರು ‘ಇಲ್ಲಮ್ಮ, ನಾನು ಚೆನ್ನಾಗಿ ಮಾತಾಡ್ತೀನಿ’ ಎನ್ನುತ್ತಲೇ ‘ಪೂರ್ಣವಾಗಿ ಹೊಂದುತ್ತದೆ’ ಎಂಬಲ್ಲಿ ಗುರುತು ಹಾಕಿದರು, ಲೆಕ್ಕದಲ್ಲಿ ಅಂತರ್ಮುಖಿಯಾದರು!

‘ನಾನು ಮಿತಭಾಷಿ’ ಎಂದು ಬದಲಿಸಿದರೆ ನಕಾರವೇನೋ ಹೋಗುತ್ತದೆ, ಆದರೆ ಕನ್ನಡದಲ್ಲಿ ಅದು ಹೊಗಳಿಕೆಯ ಮಾತಾದ್ದರಿಂದ ಎಲ್ಲರೂ ಒಪ್ಪಿಬಿಡುತ್ತಾರೆಂಬ ಅಳುಕು ನನಗಿದೆ. ಹೀಗೆ ಅಂಕ ತಿರುಗಿಸಬೇಕಾದ ಹೇಳಿಕೆಗಳನ್ನೆಲ್ಲ ಕೈಬಿಡುವುದೂ ಸರಿಯಲ್ಲ. ಎಲ್ಲಕ್ಕೂ ಹೌದೆನ್ನುವವರನ್ನು ಹಿಡಿಯುವುದಕ್ಕೆಂದೇ ಅವು ಇರುವುದು.

ಇಂಥ ಅನುವಾದ ಮಾಡಿದ ಅನುಭವವುಳ್ಳವರು ನಕಾರವನ್ನು ಹೇಗೆ ನಿಭಾಯಿಸಿದಿರಿ, ಉತ್ತರದ ಐದು ಆಯ್ಕೆಗಳಿಗೆ ಯಾವ ಪದಗಳನ್ನು ಬಳಸಿದಿರಿ ಎಂದು ದಯವಿಟ್ಟು ತಿಳಿಸಿ. ನನ್ನ ಕರಡನ್ನು ಮೂಲ ನೋಡದೆ ಇಂಗ್ಲಿಷಿಗೆ ಮರಳಿ ಅನುವಾದಿಸಿಕೊಡುವವರು ಇಬ್ಬರಾದರೂ ಬೇಕಾಗಿದ್ದಾರೆ.