ರೋಮಿನ ಸ್ಯಾನ್ ಕ್ಲೆಮೆಂಟೆ ಚರ್ಚು: ಅವ್ವನನ್ನು ಕೆಳಗೆ ಇಳಿಸಬಹುದಾ?

ಸಪ್ತಾಪುರದವ:
ನಮಸ್ಕಾರ ಎಲ್ಲರಿಗೂ. ಸೆಪ್ಟೆಂಬರ್‌ನಲ್ಲಿ ಅಪ್ಪ ಅವ್ವನನ್ನು ಕರಕೊಂಡು ರೋಮಿಗೆ ಹೊರಟಿದ್ದೇನೆ. ಮೂರೇ ದಿನ. ಕೊಲೋಸಿಯಮ್ ಹತ್ತಿರ ಸ್ಯಾನ್ ಕ್ಲೆಮೆಂಟೆ ಅಂತ ಒಂದು ಚರ್ಚು, ಅದರ ಕೆಳಗೆ ಇನ್ನೊಂದು ಚರ್ಚು, ಅದರ ಕೆಳಗೆ ಬೇರೆಯದೇ ದೇವರ ಗುಡಿ ಇದೆಯಂತೆ. ಅಪ್ಪ ರಿಟೈರ್ಡ್ ಹಿಸ್ಟರಿ ಮಾಸ್ತರು, ಕೇಳಿದಾಗಿನಿಂದ ಅದೇ ಜಪ. ಅವ್ವನಿಗೆ ಮೊಣಕಾಲು ನೋವು, ಕತ್ತಲೆ ಇಕ್ಕಟ್ಟು ಬೇರೆ ಆಗುವುದಿಲ್ಲ. ಹೋದ ವರ್ಷ ಲಕ್ಕುಂಡಿಯಲ್ಲಿ ಮುಸುಕಿನ ಬಾವಿಗೆ ನಾಲ್ಕು ಮೆಟ್ಟಿಲು ಇಳಿದವಳು ವಾಪಸ್ ಹತ್ತಿ ಮಾಣಿಕೇಶ್ವರ ಗುಡಿ ಹತ್ತಿರ ಕೂತುಬಿಟ್ಟಳು. ಹೋಗಿಬಂದವರು ಹೇಳಿ, ಇದು ನಿಜವಾಗಿ ನೋಡುವಂಥದ್ದಾ, ಇಲ್ಲ ಸುಮ್ನೆ ಹವಾನಾ?

ಗದಗಿನ ಗಾಳಿ:
ಹವಾ ಅಲ್ಲ. ರೋಮಿನಲ್ಲಿ ನನಗೆ ನೆನಪಿನಲ್ಲಿ ಉಳಿದದ್ದೇ ಅದು. ಮೇಲಿನ ಚರ್ಚು ಸುಮಾರು 1100ರ ಹೊತ್ತಿನದು. ಅಲ್ಲಿಂದ ಮೆಟ್ಟಿಲು ಇಳಿದರೆ 4ನೇ ಶತಮಾನದ ಚರ್ಚು, ಗೋಡೆ ಮೇಲೆ ಹಳೆಯ ಚಿತ್ರಗಳು. ಇನ್ನೂ ಇಳಿದರೆ 1ನೇ ಶತಮಾನದ ಕಟ್ಟಡಗಳು, ನಡುವೆ ಒಬ್ಬರೇ ಹೋಗುವಷ್ಟು ಓಣಿ, ಆಮೇಲೆ ಮಿತ್ರ ಅನ್ನುವ ದೇವರ ಕೋಣೆ. ಗವಿಯ ಹಾಗೆ ಕಮಾನು ಚಾವಣಿ, ಎರಡೂ ಕಡೆ ಒರಗಿಕೊಂಡು ಉಣ್ಣುವುದಕ್ಕೆ ಕಲ್ಲಿನ ಕಟ್ಟೆ, ನಡುವೆ ಬಲಿಪೀಠ, ಅದರ ಮೇಲೆ ಮಿತ್ರ ಗೂಳಿಯನ್ನು ಕೊಲ್ಲುತ್ತಿರುವ ಕೆತ್ತನೆ. ಗಂಡಸರಿಗೆ ಮಾತ್ರ ಸೇರಲು ಬಿಡುತ್ತಿದ್ದ ಪಂಥ ಅದು. ಕೋಣೆಯನ್ನು ಹೊರಗಿನಿಂದಲೇ ಇಣುಕಿ ನೋಡಬೇಕು.

ನನಗೆ ಮೈ ಜುಂ ಅಂದದ್ದು ನೀರಿನ ಸದ್ದಿಗೆ. ತೀರಾ ಕೆಳಗೆ ನೀರು ಹರಿಯುತ್ತಲೇ ಇರುತ್ತದೆ. ಮೊದಲು ಅಲ್ಲೆಲ್ಲ ನೀರು ನಿಲ್ಲುತ್ತಿತ್ತಂತೆ, 1912ರ ನಂತರ ಕೊಲೋಸಿಯಮ್ ಕಡೆಗೆ ಸುರಂಗ ತೋಡಿ ಅದನ್ನು ಹರಿಯಬಿಟ್ಟರು.

ಇಷ್ಟು ದೊಡ್ಡ ಚರ್ಚು ಮಣ್ಣಿನಡಿ ಹೋಗಿದ್ದು ಯಾಕೆ ಅಂದರೆ, 1084ರಲ್ಲಿ ದಕ್ಷಿಣ ಇಟಲಿ ಆಳುತ್ತಿದ್ದ ನಾರ್ಮನ್ನರ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಆಗ ಹಾಳಾಯಿತು ಎಂದು ಗೈಡ್ ಹೇಳಿದ.

ಹಳೇ ಬಸ್‌ಸ್ಟ್ಯಾಂಡ್:
ಆ ನಾರ್ಮನ್ ಕಥೆ ಎಲ್ಲ ಗೈಡ್‌ಗಳೂ ಹೇಳುತ್ತಾರೆ, ಆದರೆ ಈಚಿನ ಇತಿಹಾಸಕಾರರು ಒಪ್ಪುವುದಿಲ್ಲ. ಊರಿನ ನೆಲವೇ ಏರುತ್ತ ಬಂದಿತ್ತು, ಹಳೆಯ ಚರ್ಚು ತಗ್ಗಿನಲ್ಲಿ ಉಳಿಯಿತು, ಕಂಬಗಳ ನಡುವೆ ಕಲ್ಲು ಮಣ್ಣು ತುಂಬಿ ಅದನ್ನೇ ಬುನಾದಿ ಮಾಡಿಕೊಂಡರು ಅನ್ನುವುದು ಅವರ ಮಾತು. ನಮ್ಮ ಕಡೆ ಹಳೇ ಊರುಗಳಲ್ಲಿ ರೋಡು ಏರಿ ಏರಿ ಮನೆ ಹೊಸ್ತಿಲು ಕೆಳಗಾಗಿರುತ್ತದಲ್ಲ, ಹಾಗೆ. ಆಮೇಲೆ ಅದನ್ನು ಜನ ಮರೆತೇಬಿಟ್ಟರು. 1857ರಲ್ಲಿ ಅಲ್ಲಿನ ಐರಿಶ್ ಪಾದ್ರಿ ಜೋಸೆಫ್ ಮುಲ್ಲೂಲಿ ಅಗೆದ ಮೇಲೆಯೇ ಗೊತ್ತಾದದ್ದು.

ಮಾಸ್ತರಿಗೆ ಒಂದು ಹೇಳಿ: ನಡುವಿನ ಚರ್ಚಿನಲ್ಲಿ ಸಿಸಿನಿಯಸ್ ಅನ್ನುವವನ ಚಿತ್ರ ಇದೆ. ಅವನ ಆಳುಗಳು ಈ ಚರ್ಚಿಗೆ ಹೆಸರು ಕೊಟ್ಟ ಸಂತ ಕ್ಲೆಮೆಂಟನನ್ನೇ ಹಿಡಿದೆವು ಅಂದುಕೊಂಡು ಒಂದು ಕಂಬವನ್ನು ಎಳೆಯುತ್ತಿದ್ದಾರೆ, ಇವನು ಅವರ ತಾಯಿಯನ್ನೆಲ್ಲ ಸೇರಿಸಿ ಬಯ್ಯುತ್ತ ‘ಎಳೀರಿ’ ಅನ್ನುತ್ತಾನೆ. ಆ ಬೈಗುಳ ಗೋಡೆ ಮೇಲೇ ಬರೆದಿದೆ! ಲ್ಯಾಟಿನ್ ಬಿಟ್ಟು ಜನರ ಆಡುಮಾತಿನಲ್ಲಿ ಬರೆದ ತೀರಾ ಹಳೆಯ ಸಾಲುಗಳಲ್ಲಿ ಅದೂ ಒಂದು, 11ನೇ ಶತಮಾನದ ಕೊನೆಯದು. ಚರ್ಚಿನ ಗೋಡೆ ಮೇಲೆ ಸಂತೆ ಬೈಗುಳ, ನೋಡಿ ನಗು ತಡೆಯಲಿಲ್ಲ ನನಗೆ.

ಅವ್ವನ ವಿಷಯ. ಇಳಿಸಬೇಡಿ. ಎರಡು ಅಂತಸ್ತು ಇಳಿದು ಹತ್ತಬೇಕು, ಕೆಳಗೆ ತಂಪು, ತೇವ, ನೆಲ ಒಂದೇ ಸಮ ಇಲ್ಲ. ಅವರು ಮೇಲೇ ಕೂತಿರಲಿ, ಅಲ್ಲಿಗೆ ಟಿಕೆಟ್ ಇಲ್ಲ, ಕೆಳಗೆ ಇಳಿಯುವುದಕ್ಕೆ ಮಾತ್ರ. ನಡುವೆ ಬಿಳಿ ಅಮೃತಶಿಲೆಯ ಗಿಡ್ಡ ಗೋಡೆಯ ಕಟಾಂಜನ ಇದೆಯಲ್ಲ, ಅದು 6ನೇ ಶತಮಾನದ್ದು, ಕೆಳಗಿನ ಚರ್ಚಿನಿಂದಲೇ ಎತ್ತಿ ತಂದು ಜೋಡಿಸಿದ್ದು. ಅಂದರೆ ಇಳಿಯದೇ ಕೆಳಗಿನದನ್ನು ನೋಡಿದ ಹಾಗೇ ಆಯಿತು. ಎದುರಿಗೆ ಬಂಗಾರದ ಬಣ್ಣದ ಮೊಸಾಯಿಕ್, ಅರ್ಧ ಗಂಟೆ ಹೇಗೆ ಹೋಗುತ್ತದೋ ಗೊತ್ತಾಗುವುದಿಲ್ಲ.

ಮುಳಗುಂದ ನಾಕಾ:
ಭುಜ ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಕೆಳಗೆ ಫೋಟೋ ಬಿಡುವುದಿಲ್ಲ. ಭಾನುವಾರ ಬೆಳಿಗ್ಗೆ ಪೂಜೆ ಇರುತ್ತದೆ, ಆ ಹೊತ್ತಿಗೆ ಹೋಗಬೇಡಿ. ನನ್ನ ಕೇಳಿದರೆ ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಕೆಳಗಿನ ಸ್ಮಶಾನ ಇದಕ್ಕಿಂತ ಒಂದು ಕೈ ಮೇಲು. ಆದರೆ ಅದಕ್ಕೆ ಬಹಳ ಮೊದಲೇ ಬರೆದು ಜಾಗ ಹಿಡಿಯಬೇಕು, ಇಕ್ಕಟ್ಟೂ ಜಾಸ್ತಿ.

ಸಪ್ತಾಪುರದವ:
ಎಲ್ಲರಿಗೂ ಥ್ಯಾಂಕ್ಸ್ ರೀ. ಅಪ್ಪನಿಗೆ ಓದಿ ಹೇಳಿದೆ, ಬೈಗುಳದ ಚಿತ್ರ ಕೇಳಿ ಖುಷಿಯೋ ಖುಷಿ. ಅವ್ವ ಮಾತ್ರ ‘ನಾನ್ಯಾಕೆ ಮೇಲೆ ಕೂಡಬೇಕು, ಆ ಗಂಡಸರ ಕೋಣೆ ನಾನೂ ನೋಡಬೇಕು’ ಅನ್ನುತ್ತಿದ್ದಾಳೆ. ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆಯಾ?