ಪದಚರ್ಚೆ: 'ಥಿನ್ ಪ್ರಿವಿಲೇಜ್'ಗೆ ಬೋರ್ಡಿನ ಮೇಲೆ ಏನು ಬರೆಯೋಣ? (ನಾಳೆ ಸಂಜೆಯೊಳಗೆ ಬೇಕು)

ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಅಕ್ಷರ ಕೊಡಬೇಕು. ಎರಡು ಪದ ಬೇಕು: 'ಥಿನ್ ಪ್ರಿವಿಲೇಜ್' (ಸಣ್ಣಗಿರುವವರಿಗೆ ತಮಗರಿವಿಲ್ಲದೆಯೇ ಸಿಗುವ ಅನುಕೂಲ) ಮತ್ತು 'ಪಾರ್ಟಿಸಿಪೇಟರಿ ಪರ್ಫಾರ್ಮೆನ್ಸ್' (ನೋಡಲು ಬಂದವರೇ ಪಾಲ್ಗೊಂಡು ನಡೆಸುವ ಕಲಾಕೃತಿ). ಮೊದಲನೆಯದು ಆರು ಅಡಿ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ, ಎರಡನೆಯದು ಅದರ ಕೆಳಗೆ ಮತ್ತು ಬಾಗಿಲಲ್ಲಿ ಕೊಡುವ ಚೀಟಿಯ ಮೇಲೆ.

ಸಂದರ್ಭ ಹೇಳದೆ ಪದ ಕೇಳಿದರೆ ಬೈತೀರಿ, ಆದ್ದರಿಂದ ಕೇಳಿ. ಆ ಅನುಕೂಲವನ್ನು ಬಂದವರ ಅನುಭವಕ್ಕೆ ತರುವ ಕೃತಿ ನಮ್ಮದು. ಒಳಗೆ ಹೋಗಲು ಎರಡು ಪ್ಲೈವುಡ್ ಹಲಗೆಗಳ ನಡುವೆ 14 ಇಂಚಿನ ಸಂದು. ಪಕ್ಕದಲ್ಲೇ 4 ಅಡಿಯ ಇನ್ನೊಂದು ದಾರಿ, ಆದರೆ ಅದಕ್ಕೆ ಬಾಣದ ಗುರುತಿಲ್ಲ. ಒಳಗೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಆರು, ಕೈಯಿಲ್ಲದ್ದು ಆರು. ಕೊನೆಗೆ ನಮ್ಮೂರಿನದೇ ಜೀನ್ಸ್: ಸೊಂಟ 28ರಿಂದ 36ರವರೆಗಿನವು ಹ್ಯಾಂಗರಿನಲ್ಲಿ, 38ರಿಂದ 44ರವು ಗಂಟು ಕಟ್ಟಿ ಮೇಜಿನ ಕೆಳಗೆ. ಬೇಕಾದವರು ಬಾಯಿಬಿಟ್ಟು ಕೇಳಬೇಕು. ಬಂದವರೆಲ್ಲ ಚೀಟಿಯಲ್ಲಿ ಬರೆಯುವ ಉತ್ತರ ಒಂದೇ ಪ್ರಶ್ನೆಗೆ: 'ಎಲ್ಲೆಲ್ಲಿ ನಿಮಗೆ ಯೋಚನೆಯೇ ಬರಲಿಲ್ಲ?' ತೂಕದ ಯಂತ್ರ ಇಟ್ಟಿಲ್ಲ. ತೂಕ ನೋಡಲು ನಿಲ್ಲಿಸಿದ ಕೂಡಲೇ ದಪ್ಪಗಿರುವವರೇ ನೋಟದ ವಸ್ತುವಾಗಿ, ಸಣ್ಣಗಿರುವವರು ಮತ್ತೆ ಬರೀ ಪ್ರೇಕ್ಷಕರಾಗುತ್ತಾರೆ. ಹೊಟ್ಟೆಗೆ ದಿಂಬು ಕಟ್ಟಿಸುವುದನ್ನೂ ಕೈಬಿಟ್ಟಿದ್ದೇವೆ. ಹತ್ತು ನಿಮಿಷಕ್ಕೆ ಬಿಚ್ಚಿಡಬಹುದಾದ ದಪ್ಪ, ದಪ್ಪವಲ್ಲ.

ಸದ್ಯ ಕರಡಿನಲ್ಲಿರುವುದು 'ತೆಳ್ಳಗಿನವರ ಸವಲತ್ತು'.

ಸಿಂಧನೂರಿನಿಂದ:

ಸವಲತ್ತು ಬ್ಯಾಡ. ನಮ್ಮ ಕಡೆ ಸವಲತ್ತು ಅಂದ್ರ ಸರ್ಕಾರ ಕೊಡೋದು. 371(ಜೆ) ಸವಲತ್ತು, ಪಿಂಚಣಿ ಸವಲತ್ತು. ಹಿಂದುಳಿದವರಿಗೆ, ಅರ್ಜಿ ಹಾಕಿದವರಿಗೆ, ಪ್ರಮಾಣಪತ್ರ ತೋರಿಸಿದವರಿಗೆ ಸಿಗೋದು. ನಿಮಗ ಬೇಕಾದದ್ದು ಅದರ ಉಲ್ಟಾ: ಕೇಳದೇ ಸಿಕ್ಕಿದ್ದು, ಸಿಕ್ಕೈತಿ ಅನ್ನೋದೇ ಗೊತ್ತಿಲ್ಲದ್ದು. ಬೋರ್ಡ್ ನೋಡಿದವರು ಆಧಾರ್ ಕಾರ್ಡ್ ತಗೊಂಡು ಬರ್ತಾರ.

'ವಿಶೇಷ ಹಕ್ಕು'ನೂ ಆಗಂಗಿಲ್ಲ. ಅದು ವಿಧಾನಸಭೆಯ ಹಕ್ಕುಚ್ಯುತಿ ಕಡೆ ಎಳೀತದ. ಲ್ಯಾಟಿನ್ ಮೂಲದ ಅರ್ಥ 'ಒಬ್ಬರಿಗಂತಲೇ ಮಾಡಿದ ಕಾನೂನು'. ಶಾಸಕರಿಗೆ ಅದು ಹೊಂದ್ತದ. ಆದರ ಅಮೆರಿಕದ ವಿದ್ವಾಂಸೆ ಪೆಗ್ಗಿ ಮ್ಯಾಕಿಂಟಾಶ್ 1980ರ ದಶಕದ ಕೊನೆಗೆ ಬಿಳಿಯರಿಗೆ ಸಿಗೋ ಪ್ರಿವಿಲೇಜ್ ಬಗ್ಗೆ ಬರೆದ ಮ್ಯಾಲ ಹರಡಿದ ಅರ್ಥದಾಗ ಕಾನೂನೇ ಇಲ್ಲ. ಆಕಿ ಕೊಟ್ಟ ಹೋಲಿಕೆ, ಬೆನ್ನ ಮ್ಯಾಲಿನ ಕಾಣದ ಚೀಲ. ಪದ ಹುಡುಕೋದಾದ್ರ ಆ ಚೀಲಕ್ಕ ಹುಡುಕ್ರಿ.

ಗಂಗಾವತಿಯಿಂದ:

ಸವಲತ್ತು ಬೇಡ ಎನ್ನುವುದಕ್ಕೆ ಇಶ್ಟು ಸುತ್ತಾಟ ಬೇಕಿರಲಿಲ್ಲ. ಅದು ಅರಬ್ಬಿಯ 'ಸುಹೂಲತ್', ಮರಾಟಿಯ ದಾರಿಯಲ್ಲಿ ಬಂದದ್ದು. ಕನ್ನಡದ್ದೇ ಬೇರು ಕಣ್ಣೆದುರು ಇದೆ: ಸಲ್. ಸಲ್ಲು, ಸಲುವಳಿ, ಸಲುಗೆ, ಸಲ್ಲದು. ನಾಣ್ಯ ಸಲ್ಲುವುದು ಎಂದರೆ ಯಾರೂ ತಿರುಗಿಸಿ ನೋಡದೆ ಈಸಿಕೊಳ್ಳುವುದು. ಕಮ್ಮಟದ ವಚನದಲ್ಲಿ ಇರುವುದೂ ಇದೇ ಅರ‍್ತ. ಒಂದು ಮಯ್ ಸಲ್ಲುತ್ತದೆ, ಇನ್ನೊಂದು ಸಲ್ಲದು. ಆದ್ದರಿಂದ 'ಮಯ್ಸಲುಗೆ'. ಸಲೀಸು ಎಂಬುದೂ ಇದೇ ಬೇರಿನದು.

ಎರಡನೆಯದಕ್ಕೆ 'ಕೂಡಾಟ'. ಬಯಲಾಟ, ದೊಡ್ಡಾಟಗಳ ನಾಡಿನವರಿಗೆ ಇದನ್ನು ಹೇಳಿಕೊಡಬೇಕೇ?

ಸಿಂಧನೂರಿನಿಂದ:

ಅಲ್ಲ. ಸಲೀಸು ಅರಬ್ಬಿಯ 'ಸಲೀಸ್'. ಸರಳ ಭಾಷೆಗೆ ಉರ್ದುವಿನಾಗ ಇವತ್ತಿಗೂ 'ಸಲೀಸ್ ಜಬಾನ್' ಅಂತಾರ. 'ಸಲ್'ಗೆ 'ಈಸು' ಹತ್ತಿಸೋ ಪ್ರತ್ಯಯ ಕನ್ನಡದಾಗ ಯಾವುದು, ತೋರಿಸ್ರಿ.

ಮೈಸಲುಗೆ ಅಂತ ಆರು ಅಡಿ ಬೋರ್ಡ್ ಹಾಕಿದ್ರ ಮೊದಲ ಪ್ರೇಕ್ಷಕರು ಪೊಲೀಸರು.

ಕುಷ್ಟಗಿಯಿಂದ:

ಬೇರಿನ ಜಗಳದಾಗ 'ತೆಳ್ಳಗಿನವರ' ಅನ್ನೋದನ್ನ ಯಾರೂ ನೋಡಲಿಲ್ಲ. ನಮ್ಮಲ್ಲಿ ತೆಳ್ಳಗಿರೋದು ಮಜ್ಜಿಗಿ, ರೊಟ್ಟಿ, ಹಾಳಿ. ಮನುಷ್ಯರು ಸಣ್ಣಗ ಇರ್ತಾರ. ಆದರ ಬರೇ 'ಸಣ್ಣವರು' ಅಂದ್ರ ವಯಸ್ಸಿನ ಲೆಕ್ಕ, 'ಸಣ್ಣ ಮಂದಿ' ಅಂದ್ರ ಬೈಗುಳ. 'ಸಣ್ಣ ಮೈ' ಅಂತ ಬರೀರಿ.

ಬಡಕಲು ಅನ್ನೋದನ್ನ ಮುಟ್ಟಬ್ಯಾಡ್ರಿ. 'ಯಾಕವ್ವ ಇಷ್ಟು ಬಡವಾಗೀದಿ' ಅಂತ ಕೇಳೋರು ರೊಕ್ಕದ ಮಾತಾಡಂಗಿಲ್ಲ, ಮೈ ನೋಡಿ ಕೇಳ್ತಾರ. ಬಡತನ, ಬಡಕಲು ಎರಡೂ ಒಂದೇ 'ಬಡ'. ಉಣ್ಣಾಕಿಲ್ಲದ ಒಣಗಿದ ಮೈಗೆ ಸಂದಿನಾಗ ಹಾಯೋದು ಬಿಟ್ರ ಬ್ಯಾರೆ ಯಾವ ಲಾಭನೂ ಇಲ್ಲ. 'ಮೈಕೈ ತುಂಬಿಕೊಂಡಾರ' ಅನ್ನೋ ಹೊಗಳಿಕೆ, 'ಎಷ್ಟು ದಪ್ಪ ಆಗ್ಯಾರ' ಅನ್ನೋ ಚುಚ್ಚುಮಾತು ಒಂದೇ ಓಣಿಯಾಗ ಕೇಳ್ತೀರಿ. ಚೀಟಿ ಹಿಂದ ಇದಕ್ಕೊಂದು ಸಾಲು ಇರಲಿ. ಇಲ್ಲಾಂದ್ರ ಅಮೆರಿಕದ ಮಾತಿಗೆ ಕನ್ನಡದ ಅಂಗಿ ತೊಡಿಸಿದಂಗಾಗ್ತದ.

ದಪ್ಪ ಅನ್ನೋದನ್ನ ದಪ್ಪ ಅಂತಲೇ ಬರೀರಿ. ಸ್ಥೂಲಕಾಯ, ಬೊಜ್ಜು ಎಲ್ಲಾ ತಪಾಸಣಾ ಶಿಬಿರದ ಮಾತು. ದಪ್ಪಗಿರೋರ ಹಕ್ಕಿಗೆ ಹೋರಾಡಿದ ಲಾಸ್ ಏಂಜಲೀಸಿನ ಫ್ಯಾಟ್ ಅಂಡರ್‌ಗ್ರೌಂಡ್ ಗುಂಪಿನವರು 1973ರ ಪ್ರಣಾಳಿಕೆಯಾಗ ವೈದ್ಯರ ಪದ ಬಿಟ್ಟು 'ಫ್ಯಾಟ್' ಅನ್ನೋ ಬೈಗುಳದ ಪದವನ್ನೇ ತಮ್ಮದು ಮಾಡಿಕೊಂಡ್ರು.

'ಆಟ'ದಾಗ ವೇಷ ಐತಿ, ಮಾಸ್ತರೇ. ಇಲ್ಲಿ ಯಾರೂ ಭೀಮನೂ ಅಲ್ಲ, ಕೀಚಕನೂ ಅಲ್ಲ. 1977ರಾಗ ಇಟಲಿಯ ಬೊಲೊನ್ಯಾದ ಗ್ಯಾಲರಿ ಬಾಗಿಲಾಗ ಕಲಾವಿದರಾದ ಮರೀನಾ ಅಬ್ರಮೊವಿಚ್, ಉಲೈ ಎದುರಾಬದರಾ ಬತ್ತಲೆ ನಿಂತಾಗ ಬಂದವರು ಅಡ್ಡ ತಿರುಗಿ ಇಬ್ಬರ ನಡುವ ತೂರಿಕೊಂಡು ಹೋದ್ರು. ಪಾತ್ರ ಇಲ್ಲ, ಮಾತಿಲ್ಲ. ತೂರೋದೇ ಕೃತಿ. 'ಪ್ರದರ್ಶನ ಕಲೆ' ಅಂದ್ರ ಆಗಲೇ ಕುಣಿತ, ಸಂಗೀತಕ್ಕ ಅಂಟಿಕೊಂಡದ. 'ಪ್ರಯೋಗ' ಇರಲಿ. ನಾಟಕದವರು 'ಮೊದಲ ಪ್ರಯೋಗ' ಅಂತಲೇ ಅಂತಾರ, ಪರೀಕ್ಷೆ ಮಾಡಿ ನೋಡೋದು ಅನ್ನೋ ಅರ್ಥನೂ ಬರ್ತದ.

ಪದದ ಮಾತಲ್ಲ, ಆದರೂ ಹೇಳ್ತೀನಿ. ಆಳೆತ್ತರದ ಹಲಗಿ ನಡುವ 14 ಇಂಚು ಬಿಟ್ರ ಸಿಕ್ಕೊಳ್ಳೋದು ಭುಜ. ಬಡಕಲು ಗಂಡಸ್ರೂ ಅಡ್ಡ ತಿರುಗಬೇಕಾಗ್ತದ, ನಿಮ್ಮ ವಾದ ಬಾಗಿಲಾಗೇ ಬೀಳ್ತದ. ಹಲಗಿ 3 ಅಡಿ ಎತ್ತರಕ್ಕ ಕೊಯ್ಸ್ರಿ, ಸೊಂಟ ಮಾತ್ರ ತಾಕಲಿ. ಒಂದು ಹಲಗಿಗೆ ಬಿಜಾಗರಿ ಹಾಕಿ, ನೂಕಿದ್ರ ತೆರೀಬೇಕು. ಪ್ಲಾಸ್ಟಿಕ್ ಕುರ್ಚಿ ನುಣುಪು ಕಲ್ಲಿನ ನೆಲದ ಮ್ಯಾಲ ಇಟ್ರ ಕಾಲು ಅಗಲಾಗಿ ಜಾರ್ತಾವ. ಕೆಳಗ ಜಮಖಾನ ಹಾಸ್ರಿ. ಒಂದು ಕುರ್ಚಿ ಮುರಿದ್ರ ಸಂಜೆಯೆಲ್ಲಾ ಅದೊಂದೇ ನಗು, ಉಳಿದದ್ದು ಯಾರಿಗೂ ನೆನಪಿರಂಗಿಲ್ಲ.

ಬಳ್ಳಾರಿಯಿಂದ:

ಅಕ್ಕಾರ, ಹಲಗೆಯ ಮಾತು ಒಪ್ಪಿದೆ. ಹಾಗಾದರೆ ಮೇಲೆ ಬಂದು ಹೋದ ಆ ಪದವೇ ಯಾಕಾಗಬಾರದು: 'ಸಣ್ಣ ಮೈಯ ಸಲೀಸು'? ಹಕ್ಕಲ್ಲ, ಕೊಡುಗೆಯಲ್ಲ. ಅಡ್ಡಿಯಿಲ್ಲದೆ ಸಾಗುವುದು. ನಮ್ಮ ಚೀಟಿಯ ಪ್ರಶ್ನೆಯೂ ಅದೇ.

ಸಿಂಧನೂರಿನಿಂದ:

ಆಗ್ತದ. 'ಸಲೀಸಾಗಿ ಹೋಗಿ ಬಂದೆ' ಅನ್ನೋರು ಹೆಂಗ ಅಂತ ಯೋಚನೆ ಮಾಡಿರಂಗಿಲ್ಲ.

ಗಂಗಾವತಿಯಿಂದ:

ಸಲೀಸು ಅರಬ್ಬಿ, ಪ್ರಯೋಗ ಸಂಸ್ಕ್ರುತ, ಪ್ಲೆಕ್ಸ್ ಇಂಗ್ಲಿಶ್. ಬೋರ‍್ಡಿನಲ್ಲಿ ಕನ್ನಡಕ್ಕೆ ಉಳಿದದ್ದೇನು? ಎರವಲು ತರುವುದೂ ಒಂದು ಸೋಮಾರಿತನ. ತಂದ ಮೇಲೆ ಇದ್ದ ಪದ ಸಾಯುತ್ತದೆ.

ಸಿಂಧನೂರಿನಿಂದ:

ಎರವಲು ಯಾರೂ ಸೋಮಾರಿತನದಿಂದ ತರಲಿಲ್ಲ. ನಿಜಾಮರ ರಾಜ್ಯದಾಗಿದ್ದ ರಾಯಚೂರು, ಕೊಪ್ಪಳದ ಕಚೇರಿ 1948ರ ತನಕ ಉರ್ದುವಿನಾಗ ನಡೀತು. ಹೊಲದ ಕಾಗದ, ಕೋರ್ಟಿನ ವಾಯಿದೆ ಎಲ್ಲಾ ಆ ಮಾತಿನಾಗ. ಮದ್ರಾಸ್ ಪ್ರಾಂತ್ಯದಾಗಿದ್ದ ಬಳ್ಳಾರಿಯವರೂ ಸಲೀಸು ಅಂತಾರ. ನೀವು ಕುಂತ ಕುರ್ಚಿನೂ ಅರಬ್ಬಿ. 'ಸಣ್ಣ' ನಿಮ್ಮದು ಅಂದುಕೊಂಡಿದ್ರ ಪ್ರಾಕೃತದ 'ಸಣ್ಹ' ಪಕ್ಕಕ್ಕಿಟ್ಟು ನೋಡ್ರಿ. 'ಮೈ' ಅಚ್ಚಗನ್ನಡ. ಚರ್ಚೆ ಅದರದ್ದೇ, ಸಾಕು.

ಬಳ್ಳಾರಿಯಿಂದ:

ಮೇಲೆ 'ಸಣ್ಣ ಮೈಯ ಸಲೀಸು', ಕೆಳಗೆ 'ನೀವೂ ಸೇರಿ ನಡೆಸುವ ಪ್ರಯೋಗ'. ಅಂಗಡಿಯವರು ಯೂನಿಕೋಡನ್ನು 'ನುಡಿ' ಫಾಂಟಿಗೆ ಬದಲಿಸುವಾಗ ಒತ್ತಕ್ಷರ ಒಡೆಯುತ್ತವೆ, ಆದ್ದರಿಂದ ಅಕ್ಷರವನ್ನು ಚಿತ್ರ ಮಾಡಿಯೇ ಕಳಿಸುತ್ತಿದ್ದೇನೆ. 'ಬಡವಾಗು' ಸಾಲು ಚೀಟಿಯ ಹಿಂದೆ ಬರುತ್ತದೆ. ಎಲ್ಲರಿಗೂ ಶರಣು.

ಗಂಗಾವತಿಯಿಂದ:

ಚೀಟಿಯ ಹಿಂದಾದರೂ ಒಂದು ಮೂಲೆಯಲ್ಲಿ 'ಮಯ್ಸಲುಗೆ' ಹಾಕಬಹುದಲ್ಲ.

ಸಿಂಧನೂರಿನಿಂದ:

ಬ್ಯಾಡ.